ಕಿರುಚಿತ್ರದ ಹಿನ್ನೆಲೆ ಸಂಗೀತಕ್ಕೆ ವಾಟರ್‌ಫೋನ್ ತರಿಸಬೇಕೇ, ನಮ್ಮ ವಾದ್ಯಗಳು ಸಾಕೇ?

ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ ನಡೆಯುವ ಕಿರುಚಿತ್ರಕ್ಕೆ ಭಯ ಹುಟ್ಟಿಸುವ ಹಿನ್ನೆಲೆ ಸಂಗೀತ ಬೇಕಾಗಿದೆ, ಅದಕ್ಕೆ ವಾಟರ್‌ಫೋನ್ ತರಿಸುವುದೋ ಕಂಸಾಳೆಯಂಥ ನಮ್ಮ ವಾದ್ಯಗಳನ್ನೇ ಬಳಸುವುದೋ ಎಂದು ನೀವು ಕೇಳಿದ್ದೀರಿ. ನಾನು ಮೈಸೂರಿನಲ್ಲಿದ್ದುಕೊಂಡು ಸಾಕ್ಷ್ಯಚಿತ್ರಗಳಿಗೂ ಧಾರಾವಾಹಿಗಳಿಗೂ ಹಿನ್ನೆಲೆ ಸಂಗೀತ ಸಂಯೋಜಿಸುತ್ತೇನೆ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ನಿಮಗೆ ಬೇಕಾದ ನಾದ ಬಹುಮಟ್ಟಿಗೆ ಆ ಆಲೆಮನೆಯೊಳಗೇ ಇದೆ.

ವಾಟರ್‌ಫೋನನ್ನು ಅಮೆರಿಕದ ರಿಚರ್ಡ್ ವಾಟರ್ಸ್ 1960ರ ದಶಕದ ಕೊನೆಯ ಭಾಗದಲ್ಲಿ ರೂಪಿಸಿದರು. ಸ್ವಲ್ಪ ನೀರು ತುಂಬಿದ ಉಕ್ಕಿನ ಬಟ್ಟಲು, ಅದರ ಅಂಚಿನ ಸುತ್ತ ಬೇರೆ ಬೇರೆ ಉದ್ದದ ಲೋಹದ ಕಡ್ಡಿಗಳು, ಇಷ್ಟೇ ಅದರ ರಚನೆ. ಕಡ್ಡಿಗಳ ಮೇಲೆ ಕಮಾನು ಎಳೆಯುತ್ತಾ ಬಟ್ಟಲನ್ನು ವಾಲಿಸಿದರೆ ಒಳಗಿನ ನೀರು ಸರಿದಾಡಿ, ಸ್ವರ ಒಂದೆಡೆ ನಿಲ್ಲದೆ ಜಾರುತ್ತದೆ. ಕೇಳುವವರಲ್ಲಿ ದಿಗಿಲು ಹುಟ್ಟಿಸುವುದು ಆ ಜಾರುವಿಕೆಯೇ. ಇದೇ ಗುಣವನ್ನು ನೀವು ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯಲ್ಲಿ ಕೇಳಬಹುದು. ಒಲೆಯ ಮೇಲಿರುವಾಗ ಅದರ ನಾದ ಮಣ್ಣಿನ ಕಟ್ಟೆಯಲ್ಲೇ ಅಡಗಿಹೋಗುವುದರಿಂದ, ತೊಳೆಯಲು ಕೆಳಗಿಳಿಸಿದಾಗ ಅದನ್ನು ಹುಲ್ಲಿನ ಸಿಂಬೆಯ ಮೇಲೆ ಕೂರಿಸಿ, ತಳದಲ್ಲಿ ಬೊಗಸೆಯಷ್ಟು ನೀರು ಬಿಟ್ಟು, ಬಟ್ಟೆ ಸುತ್ತಿದ ಕೋಲಿನಿಂದ ಅಂಚಿನ ಕೆಳಗೆ ಮೆಲ್ಲಗೆ ತಟ್ಟಿ. ನೀರಿನ ಭಾರಕ್ಕೆ ಸ್ವರ ಇಳಿಯುತ್ತದೆ. ಪಾತ್ರೆಯನ್ನು ಅಲುಗಿಸಿದಂತೆಲ್ಲ ಆ ಸ್ವರ ತೊನೆಯುತ್ತದೆ. ಅಂಚಿಗೆ ಪಿಟೀಲಿನ ಕಮಾನನ್ನೂ ಎಳೆದು ನೋಡಿ. ರಾಳ ಧಾರಾಳವಾಗಿ ಹಚ್ಚಿರಬೇಕು ಮತ್ತು ಹಳೆಯ ಕಮಾನೇ ಇರಲಿ, ಏಕೆಂದರೆ ಲೋಹದ ಅಂಚು ಅದರ ಕೂದಲನ್ನು ಬೇಗನೆ ಹಾಳುಮಾಡುತ್ತದೆ.

ಇನ್ನು ಕಂಸಾಳೆಯ ವಿಚಾರ. ವಾದ್ಯವೊಂದು ಅಪರೂಪವೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದನ್ನು ಕೇಳುವವರ ನೆನಪು. ಕೈ ಸೋಕಿಸದೆ ನುಡಿಸುವ ತೆರೆಮಿನ್ 1945ರ ಹಾಲಿವುಡ್ ಚಿತ್ರವೊಂದರಲ್ಲಿ ಕದಡಿದ ಮನಸ್ಸಿನ ದನಿಯಾಗಿತ್ತು. 1951ರಲ್ಲಿ ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಅದನ್ನು ಅನ್ಯಗ್ರಹದವನ ಕಥೆಗೆ ಬಳಸಿದ ಮೇಲೆ, ಆ ದನಿ ಕೇಳಿದೊಡನೆ ಪ್ರೇಕ್ಷಕರಿಗೆ ಹಾರುವ ತಟ್ಟೆಯೇ ನೆನಪಾಗುವಷ್ಟು ಅದರ ಅರ್ಥ ಗಟ್ಟಿಯಾಯಿತು. ಕಂಸಾಳೆಯ ನೆನಪು ಇದಕ್ಕಿಂತ ಎಷ್ಟೋ ಆಳವಾದದ್ದು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ಅವೆರಡೂ ಕೂಡಿದ ಆ ಪೆಟ್ಟು ಕಿವಿಗೆ ಬಿದ್ದರೆ ಮಂಡ್ಯ, ಮೈಸೂರು, ಚಾಮರಾಜನಗರದ ಪ್ರೇಕ್ಷಕರ ಮನಸ್ಸು ನೇರವಾಗಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುತ್ತದೆ. ನಿಮ್ಮ ಕಥೆಯಲ್ಲಿ ಮಾದಪ್ಪನ ಪ್ರಸ್ತಾಪವಿಲ್ಲದಿದ್ದರೆ ಭಯದ ದೃಶ್ಯಕ್ಕೆ ಅದನ್ನು ತರಬೇಡಿ. ಪ್ರೇಕ್ಷಕರ ಭಕ್ತಿಯನ್ನು ಹೆದರಿಕೆಯ ಸಾಧನವಾಗಿ ಬಳಸಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಂಟೇಸ್ವಾಮಿ ಪರಂಪರೆಯ ಹಾಡುಗಾರರಾದ ನೀಲಗಾರರ ತಂಬೂರಿ, ಗಗ್ಗರಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕಥೆ ನಡೆಯುವ ಜಾಗದಿಂದಲೇ ನಾದವನ್ನು ಎತ್ತಿಕೊಳ್ಳುವುದು ನನ್ನ ಹೊಸ ಸಲಹೆಯೇನಲ್ಲ. 2019ರ ‘ಚರ್ನೋಬಿಲ್’ ಕಿರುತೆರೆ ಸರಣಿಗಾಗಿ ಐಸ್‌ಲ್ಯಾಂಡಿನ ಸಂಗೀತ ಸಂಯೋಜಕಿ ಹಿಲ್ದುರ್ ಗುಡ್ನಾದೊತ್ತಿರ್ ಲಿಥುವೇನಿಯಾದ ಸ್ಥಗಿತಗೊಂಡ ಅಣುಸ್ಥಾವರಕ್ಕೆ ಹೋಗಿ, ಅಲ್ಲಿನ ಪಂಪು, ಬಾಗಿಲುಗಳ ಶಬ್ದಗಳನ್ನು ಮುದ್ರಿಸಿಕೊಂಡು, ಅವುಗಳಿಂದಲೂ ತಮ್ಮ ಕಂಠದಿಂದಲೂ ಇಡೀ ಸಂಗೀತವನ್ನು ಕಟ್ಟಿದರು. ನಮ್ಮಲ್ಲಿ ಬಿ.ವಿ. ಕಾರಂತರು ವಾದ್ಯವೆನಿಸದ ವಸ್ತುಗಳಿಂದಲೂ ಸಂಗೀತ ಹೊರಡಿಸಿ ತೋರಿಸಿದವರು. ಅವರ ನಿರ್ದೇಶನದ 1975ರ ‘ಚೋಮನ ದುಡಿ’ಯಲ್ಲಿ ದುಡಿ ಎಂಬುದು ಪಾತ್ರವೇ ಬಡಿಯುವ ವಾದ್ಯ, ಹಾಗಾಗಿ ಅದರ ಪೆಟ್ಟಿಗೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಧ್ವನಿಮುದ್ರಣದ ಬಗ್ಗೆ ಕೆಲವು ಮಾತು. ಗಾಣದ ಎಂಜಿನ್ ಓಡುತ್ತಿರುವಾಗ ಸಾಮಾನ್ಯ ಮೈಕಿನಿಂದ ಪ್ರಯೋಜನವಾಗದು. ಕೊಪ್ಪರಿಗೆಯ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಗಾಳಿಯಲ್ಲಿನ ಸದ್ದಿಗಿಂತ ಲೋಹದ ಕಂಪನವನ್ನೇ ಹೆಚ್ಚಾಗಿ ಹಿಡಿಯುತ್ತದೆ. ಎಂಜಿನ್ ನಿಂತ ಮೇಲೆ ಒಳ್ಳೆಯ ಕಂಡೆನ್ಸರ್ ಮೈಕಿನಲ್ಲಿ 96 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ದರದಲ್ಲಿ, ಅಂದರೆ ನಾದವನ್ನು ಸೆಕೆಂಡಿಗೆ 96,000 ಸಲ ಅಳೆಯುವಂತೆ, ಮುದ್ರಿಸಿ. ಮುಂದೆ ಆ ನಾದವನ್ನು ಅರ್ಧ ವೇಗಕ್ಕೆ ಇಳಿಸಿದಾಗ ಅದು ಒಂದು ಸ್ಥಾಯಿ ಕೆಳಗೆ ಬರುತ್ತದೆ, ಮತ್ತು ಮೈಕ್ ಹಿಡಿದಿದ್ದರೆ, ಮನುಷ್ಯರ ಕಿವಿಗೆ ನಿಲುಕದಿದ್ದ 20 ಕಿಲೋಹರ್ಟ್ಸ್‌ಗಿಂತ ಮೇಲಿನ ಕಂಪನಗಳೂ ಕೇಳುವ ಮಟ್ಟಕ್ಕೆ ಇಳಿಯುವುದರಿಂದ ನಾದ ಮಂಕಾಗುವುದಿಲ್ಲ. ಕೊಪ್ಪರಿಗೆಯ ಸ್ವರ ಹಾರ್ಮೋನಿಯಂನ ಯಾವ ಮನೆಗೂ ಸರಿಯಾಗಿ ಕೂರುವುದಿಲ್ಲ. ಅದನ್ನು ತಂತ್ರಾಂಶದಲ್ಲಿ ತಿದ್ದುವ ಬದಲು ಜೊತೆಯಲ್ಲಿ ನುಡಿಯುವ ವೀಣೆಯನ್ನೋ ಪಿಟೀಲನ್ನೋ ಅದಕ್ಕೆ ಶ್ರುತಿ ಮಾಡಿ.

ಲೋಹದ ನಾದದಲ್ಲಿ ಮಾತಿನ ಸ್ಪಷ್ಟತೆಗೆ ಅಡ್ಡಬರುವ ಕಂಪನಗಳು ಬಹಳ ಇರುವುದರಿಂದ, ಸಂಭಾಷಣೆ ನಡೆಯುವಾಗ ಅದನ್ನು ನುಡಿಸದೆ ಮಾತು ನಿಂತ ಕಡೆ ಮಾತ್ರ ಬಿಡಿ. ಅದನ್ನು ಪದೇ ಪದೇ ಕೇಳಿಸಲೂ ಬೇಡಿ. ಧಾರಾವಾಹಿಯಲ್ಲಿ ಖಳನಾಯಕಿ ಬಂದಾಗಲೆಲ್ಲ ಒಂದೇ ವಿಚಿತ್ರ ಸದ್ದು ಹಾಕಿದರೆ, ಸ್ವಲ್ಪ ದಿನಕ್ಕೇ ಮನೆಮಂದಿ ಅದನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತಾರೆ. ನಿಮ್ಮ ಕಿರುಚಿತ್ರದಲ್ಲಿ ಆ ನಾದ ಎರಡು ಅಥವಾ ಮೂರು ಸಲ ಕೇಳಿದರೆ ಸಾಕು.

ಇಷ್ಟಾದ ಮೇಲೂ ವಾಟರ್‌ಫೋನೇ ಬೇಕೆನಿಸಿದರೆ, ಒಂದು ದಿನದ ಮಟ್ಟಿಗೆ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಅದು ಬರುವ ಮೊದಲೇ ಕೊಪ್ಪರಿಗೆಯ ನಾದವನ್ನು ಚಿತ್ರಕ್ಕೆ ಹೊಂದಿಸಿ ಇಟ್ಟುಕೊಳ್ಳಿ, ಆಗ ಎರಡನ್ನೂ ಒಂದೇ ದೃಶ್ಯದ ಮೇಲೆ ಹಾಕಿ ಹೋಲಿಸಿ ನೋಡಬಹುದು.