ಕಾಣದ ಚಿರತೆಯನ್ನು ಎಣಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಮ್ಮ ಮನೆ ಮುಂಬಯಿಯ ಬೊರಿವಲಿಯಲ್ಲಿ, ಸಂಜಯ ಗಾಂಧಿ ನ್ಯಾಷನಲ್ ಪಾರ್ಕಿಗೆ ತಾಗಿಕೊಂಡೇ ಇದೆ. ಬೆಳಗ್ಗೆ ವಾಕಿಂಗಿಗೆ ಹೋದರೆ ಚಿರತೆಗಳದ್ದೇ ಮಾತು. 2015ರಲ್ಲಿ 35 ಇವೆ ಅಂದರು, 2018ರಲ್ಲಿ 47 ಅಂದರು. ಮೂರೇ ವರ್ಷದಲ್ಲಿ 12 ಜಾಸ್ತಿ ಆದವಾ? ಕಣ್ಣಿಗೇ ಬೀಳದ ಪ್ರಾಣಿಯನ್ನು ಇಷ್ಟು ಸರಿಯಾಗಿ ಹೇಗೆ ಎಣಿಸುತ್ತಾರೆ?

ಉತ್ತರ: ಆಗಿರಬಹುದು. ಆದರೆ ಆ ಎರಡು ಅಂಕಿಗಳನ್ನು ಮಾತ್ರ ನೋಡಿ ಹಾಗೆ ಹೇಳಲು ಬರುವುದಿಲ್ಲ. ಕಂಡದ್ದು ಎಷ್ಟು ಅನ್ನುವುದು ಒಂದು ಲೆಕ್ಕ, ಇರುವುದು ಎಷ್ಟು ಅನ್ನುವುದು ಇನ್ನೊಂದು. ಒಂದು ಕಾಡಿನಲ್ಲಿ 100 ಪ್ರಾಣಿ ಇವೆ ಅಂತ ಇಟ್ಟುಕೊಳ್ಳಿ. ಮೊದಲ ಸಲ ಅರ್ಧ ಕಂಡವು, 50. ಮುಂದಿನ ಸಲ, ಪ್ರಾಣಿ ಹಾದುಹೋದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಜಾಸ್ತಿ ಇಟ್ಟರು, ಜಾಗವೂ ಚೆನ್ನಾಗಿ ಗೊತ್ತಿತ್ತು, 70 ಕಂಡವು. ಪೇಪರಿನಲ್ಲಿ 20 ಏರಿಕೆ ಅಂತ ಬರುತ್ತದೆ, ಕಾಡಿನಲ್ಲಿ ಒಂದು ಮರಿಯೂ ಹೆಚ್ಚಾಗಿಲ್ಲ. ಹಾಗಾಗಿ ಎಷ್ಟು ಕಂಡವು ಅಂತ ಕೇಳಿ ಸುಮ್ಮನಾಗಬೇಡಿ, ಕಾಣದೆ ಉಳಿದವು ಎಷ್ಟಿರಬಹುದು ಅಂತಲೂ ಕೇಳಿ.

ಕಾಣದೇ ಇದ್ದದ್ದನ್ನು ಅಳೆಯುವುದು ಹೇಗೆ ಅಂತೀರಾ? ಕಳೆದ ತಿಂಗಳು ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಮೊಮ್ಮಗಳ ಜೊತೆ ಕೂತು ಇದನ್ನೇ ಮಾಡಿದೆ. ಒಂದು ಡಬ್ಬಿಯಲ್ಲಿ ಅಲಸಂದೆ ಕಾಳು. 60 ಕಾಳು ತೆಗೆದು, ಒಂದೊಂದಕ್ಕೂ ಸ್ಕೆಚ್ ಪೆನ್ನಿನಿಂದ ನೀಲಿ ಚುಕ್ಕೆ ಇಟ್ಟು, ವಾಪಸ್ ಹಾಕಿ ಚೆನ್ನಾಗಿ ಕಲಸಿದೆವು. ಆಮೇಲೆ ಕಣ್ಣು ಮುಚ್ಚಿ ಒಂದು ಹಿಡಿ ತೆಗೆದಳು. 72 ಕಾಳು ಬಂದವು, ಅದರಲ್ಲಿ 8ಕ್ಕೆ ಚುಕ್ಕೆ ಇತ್ತು. ಅಂದರೆ ಒಂಬತ್ತರಲ್ಲಿ ಒಂದು. ಡಬ್ಬಿಯ ಒಂಬತ್ತನೇ ಒಂದು ಪಾಲು 60 ಆದರೆ ಒಟ್ಟು 540 ಇರಬೇಕು, ಅಲ್ವಾ? ನೆಲಕ್ಕೆ ಪೇಪರ್ ಹಾಸಿ ಪೂರ್ತಿ ಎಣಿಸಿದಳು. 518. ಅವಳ ಮುಖ ನೋಡಬೇಕಿತ್ತು!

ಆಮೇಲೆ ಬೇಕಂತಲೇ ಒಂದು ತಪ್ಪು ಮಾಡಿದೆವು. ಚುಕ್ಕೆ ಕಾಳುಗಳನ್ನು ಕಲಸದೆ ಮೇಲೆಯೇ ಬಿಟ್ಟು 72 ತೆಗೆದರೆ 24 ಚುಕ್ಕೆಯವೇ ಬಂದವು. ಲೆಕ್ಕ ಹಾಕಿದರೆ 180! ಕಾಳು ಅಷ್ಟೇ, ಸೂತ್ರವೂ ಅದೇ. ಎಲ್ಲ ಕಾಳಿಗೂ ಕೈಗೆ ಸಿಗುವ ಅವಕಾಶ ಒಂದೇ ಥರ ಇರಲಿಲ್ಲ, ಅಷ್ಟೇ.

ಚಿರತೆಗೆ ನಾವು ಚುಕ್ಕೆ ಇಡಬೇಕಾಗಿಲ್ಲ, ಹುಟ್ಟುತ್ತಲೇ ಬಂದಿರುತ್ತವೆ. ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ. ಒಂದೇ ಚಿರತೆಯ ಎಡಮೈಯ ಚುಕ್ಕೆ ಬಲಮೈಯಲ್ಲಿ ಇರುವುದಿಲ್ಲ, ಅದಕ್ಕೇ ಕಾಲುದಾರಿಯ ಎರಡೂ ಕಡೆ ಮೊಣಕಾಲೆತ್ತರದಲ್ಲಿ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಹಿಂದೆ ಸಿಕ್ಕಿದ್ದು ಮತ್ತೆ ಎಷ್ಟು ಸಲ ಸಿಕ್ಕಿತು ಅನ್ನುವುದರಿಂದ, ಒಮ್ಮೆಯೂ ಸಿಗದವು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತಾರೆ. ಹುಲಿಗಳ ವಿಷಯದಲ್ಲಿ ಕ್ಯಾಮೆರಾವನ್ನೂ ಈ ಲೆಕ್ಕವನ್ನೂ ಜೋಡಿಸಿ ದಾರಿ ತೋರಿಸಿದವರು ನಮ್ಮವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು, ನಾಗರಹೊಳೆಯಲ್ಲಿ, 1990ರ ದಶಕದಲ್ಲಿ. ಅದನ್ನು ಬರೆಯುವಾಗ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಕಾಡಿನಲ್ಲಿ ಕಲಸದ ಡಬ್ಬಿಯ ತೊಂದರೆ ಇದ್ದೇ ಇರುತ್ತದೆ. ದೊಡ್ಡ ಗಂಡು ದೂರ ದೂರ ತಿರುಗುತ್ತದೆ, ಕ್ಯಾಮೆರಾಕ್ಕೆ ಪದೇ ಪದೇ ಸಿಗುತ್ತದೆ. ಸಣ್ಣ ಮರಿಗಳು ಸಿಗುವುದೇ ಅಪರೂಪ. ಸರ್ವೆ ತಿಂಗಳುಗಟ್ಟಲೆ ಎಳೆದರೆ ನಡುವೆ ಹುಟ್ಟುವವು, ಸಾಯುವವು, ಆಚೆ ಹೋಗುವವು ಸೇರಿ ಲೆಕ್ಕ ಕೆಡುತ್ತದೆ. ಇವನ್ನೆಲ್ಲ ಸರಿದೂಗಿಸುವ ಲೆಕ್ಕಗಳಿವೆ, ಆದರೆ ಉತ್ತರ ಒಂದು ಅಂಕಿಯಾಗಿ ಬರುವುದಿಲ್ಲ, ಇಷ್ಟರಿಂದ ಇಷ್ಟರವರೆಗೆ ಅಂತಲೇ ಬರುತ್ತದೆ. ಆ 35 ಮತ್ತು 47ರ ಅಕ್ಕಪಕ್ಕದ ವ್ಯಾಪ್ತಿ ಎಷ್ಟು, ಎರಡೂ ಸಲ ಅಷ್ಟೇ ಜಾಗ, ಅಷ್ಟೇ ಕ್ಯಾಮೆರಾ ಇತ್ತಾ ಅಂತ ನಿಮ್ಮ ವಾಕಿಂಗ್ ಗೆಳೆಯರನ್ನು ಕೇಳಿ.

ಇದು ಸಣ್ಣ ವಿಷಯ ಅಲ್ಲ. ದೇಶದಲ್ಲಿ ಹಿಂದೆ ಹುಲಿಗಳನ್ನು ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಹಾಗೆ ಎಣಿಸಿದಾಗ 3,642 ಬಂದಿತ್ತು. ಹೊಸ ವಿಧಾನದಲ್ಲಿ 2006ರ ಅಂದಾಜು 1,411. ನಡುವೆ ಅಷ್ಟೂ ಹುಲಿ ಸತ್ತವು ಅಂತ ಯಾರೂ ಹೇಳಲಾರರು, ಹಳೆಯ ಅಂಕಿಯನ್ನೇ ನಂಬುವಂತಿರಲಿಲ್ಲ. ರಾಜಸ್ಥಾನದ ಸರಿಸ್ಕಾ ಹುಲಿಧಾಮದಲ್ಲಂತೂ ಕಾಗದದ ಮೇಲೆ ಹುಲಿಗಳಿದ್ದವು, 2005ರ ಹೊತ್ತಿಗೆ ಹುಡುಕಿದರೆ ಒಂದೂ ಇರಲಿಲ್ಲ. ಲೆಕ್ಕ ಸುಳ್ಳಾದರೆ ಕಾವಲು ತಡವಾಗುತ್ತದೆ, ಅದು ನನ್ನನ್ನು ಬಹಳ ಕಾಡುವ ಸಂಗತಿ.

ಪ್ರಶ್ನೆ: ಐರೋಲಿಯಲ್ಲಿರುವ ನನ್ನ ಮಗ ಗೆಳೆಯನ ಜೊತೆ ಠಾಣೆ ಖಾಡಿಯಲ್ಲಿ (ಸಮುದ್ರದ ಹಿನ್ನೀರು) ರಾಜಹಂಸಗಳನ್ನು (ಫ್ಲೆಮಿಂಗೊ) ಎಣಿಸಿದ. ಒಂದೇ ಜಾಗದಲ್ಲಿ ನಿಂತು ಇವನಿಗೆ 20 ಗುಂಪು, ಅವನಿಗೆ 18. ಯಾರದ್ದು ತಪ್ಪು?

ಉತ್ತರ: ಯಾರದ್ದೂ ಅಲ್ಲ, ಇಬ್ಬರದೂ ಬೇಕು. ಇಬ್ಬರೂ ಮಾತಾಡಿಕೊಳ್ಳದೆ ಗುಂಪುಗಳನ್ನು ನಕ್ಷೆಯಲ್ಲಿ ಗುರುತಿಸಿದ್ದರೆ ಸಾಕು. ಎರಡರಲ್ಲೂ ಇರುವ ಗುಂಪು 15 ಅಂತ ಇಟ್ಟುಕೊಳ್ಳಿ. ಇಪ್ಪತ್ತನ್ನು ಹದಿನೆಂಟರಿಂದ ಗುಣಿಸಿ ಹದಿನೈದರಿಂದ ಭಾಗಿಸಿ: 24. ಇಬ್ಬರೂ ಸೇರಿ ನೋಡಿದ್ದು 23, ಒಂದು ಗುಂಪು ಇಬ್ಬರ ಕಣ್ಣಿಗೂ ತಪ್ಪಿರಬಹುದು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಿಂದೆ ಒಂದು ಗುಂಪು ಮರೆಯಾಗುವುದು ಸುಲಭ. ನೀರು ಏರಿದಾಗ ಹಕ್ಕಿಗಳು ಜಾಗ ಬದಲಿಸುತ್ತವೆ, ಅದೇ ಗುಂಪನ್ನು ಎರಡು ಕಡೆ ಎಣಿಸಿಬಿಡುವ ಅಪಾಯವೂ ಇದೆ. ಅದಕ್ಕೆ ಮಗನಿಗೆ ಹೇಳಿ: ಗೆಳೆಯನ ಅಂಕಿ ನೋಡಿ ತನ್ನದನ್ನು ತಿದ್ದಬಾರದು. ಅಂಕಿಯ ಪಕ್ಕದಲ್ಲೇ ಗಂಟೆ ಎಷ್ಟು, ಭರತವೋ ಇಳಿತವೋ ಅಂತ ಬರೆದಿಡಲಿ.