ಒಬ್ಬರೇ ಬೆಟ್ಟದ ಹಾದಿಗೆ ಹೊರಟಾಗ: ಮರಳುವ ಗಂಟೆ ಮೊದಲೇ ಗೊತ್ತಿರಲಿ

ನೂರಾರು, ಸಾವಿರಾರು ಕಿಲೋಮೀಟರ್ ಉದ್ದದ ಪರ್ವತ ಹಾದಿಗಳ ಒಂದು ತುಣುಕನ್ನು ಒಬ್ಬರೇ ನಡೆದು ಸಂಜೆಯೊಳಗೆ ಮರಳಬೇಕೆನ್ನುವವರ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: 8 ಕಿ.ಮೀ. ದೂರದ ಶಿಖರದವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕೆಂದಿದ್ದೇನೆ. ಏರು ಒಟ್ಟು 600 ಮೀಟರ್. ಎಷ್ಟು ಹೊತ್ತು ಬೇಕಾದೀತು? ಯಾವಾಗ ಹಿಂತಿರುಗಬೇಕು?

ಉತ್ತರ: ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತದೆ: ಗಂಟೆಗೆ ಸುಮಾರು 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿ ಕಾಲಿನವರ ಲೆಕ್ಕ. ದಣಿವಾರಿಸಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ. ಹೊಸಬರು ಗಂಟೆಗೆ 4 ಕಿ.ಮೀ. ಎಂದು ಹಿಡಿಯುವುದು ಒಳ್ಳೆಯದು. ಆಗ ನಿಮಗೆ ಹೋಗಲು 2 ಗಂಟೆ, ಏರಿಗೆ 1 ಗಂಟೆ, ನಿಂತು ಕೂರಲು ಅರ್ಧ ಗಂಟೆ, ಒಟ್ಟು ಮೂರೂವರೆ ಗಂಟೆ ಬೇಕು. ಬರಲು ಎರಡೂವರೆ ಗಂಟೆ. ಇಳಿಜಾರು ತೀರಾ ಕಡಿದಾಗಿದ್ದರೆ ಅಥವಾ ಒದ್ದೆ ಕಲ್ಲಿದ್ದರೆ ಬರುವುದಕ್ಕೂ ಹೋದಷ್ಟೇ ಹೊತ್ತು ಹಿಡಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬನ್ನಿ. ಸೂರ್ಯ ಮುಳುಗುವುದು 6 ಗಂಟೆಗೆ ಎಂದಿಟ್ಟುಕೊಳ್ಳಿ. ಎಡವಟ್ಟುಗಳಿಗೆಂದು 2 ಗಂಟೆ ಉಳಿಸಿಕೊಂಡರೆ ನೀವು 4ಕ್ಕೆ ಕೆಳಗಿರಬೇಕು. ಎರಡೂವರೆ ಗಂಟೆ ಕಳೆದು, 1:30ಕ್ಕೆ ತಿರುಗಿದರೆ ಸಾಕು ಎಂದು ಹಲವರು ಬರೆದುಕೊಳ್ಳುತ್ತಾರೆ. ತಪ್ಪುವುದು ಇಲ್ಲೇ. 7:30ಕ್ಕೆ ಹೊರಟವರು 1:30ರವರೆಗೂ ಏರುತ್ತಲೇ ಇದ್ದಾರೆಂದರೆ ಮೂರೂವರೆ ಗಂಟೆಯ ದಾರಿಗೆ ಆರು ಗಂಟೆ ತೆಗೆದುಕೊಂಡಿದ್ದಾರೆ. ಏರುವಾಗ ಅಷ್ಟು ನಿಧಾನವಾದವರು ಇಳಿಯುವಾಗ ಮಾತ್ರ ಚುರುಕಾಗುವುದಿಲ್ಲ. ಅದೇ ಪ್ರಮಾಣದಲ್ಲಿ ಇಳಿದರೆ ಕೆಳಗೆ ಮುಟ್ಟುವುದು 5:45ರ ಮೇಲೆ. ಅದೇ 12:30ಕ್ಕೆ ತಿರುಗಿದ್ದರೆ 4ರ ಸುಮಾರಿಗೆ ಕೆಳಗಿರುತ್ತಿದ್ದರು. ಹಾಗಾಗಿ ನಿಮ್ಮ ಗಂಟೆ 12:30. ಶಿಖರ ಕಣ್ಣೆದುರಿಗೇ ಇದ್ದರೂ ಅದು ಬದಲಾಗಬಾರದು. ಅಲಾರಂ ಇಟ್ಟುಕೊಳ್ಳಿ. ದಣಿದ ತಲೆ ಬೆಟ್ಟದ ಮೇಲೆ ಲೆಕ್ಕ ಹಾಕಿದರೆ ಯಾವಾಗಲೂ ತನಗೆ ಬೇಕಾದ ಉತ್ತರವನ್ನೇ ಕೊಡುತ್ತದೆ. ಮನೆಯಲ್ಲಿ ಕೂತು ಹಾಕಿದ ಲೆಕ್ಕವನ್ನೇ ನಂಬಿ.

ಇನ್ನೊಂದು ಮಾತು. ಉದ್ದ ಹಾದಿಗಳನ್ನು ರಸ್ತೆಗಳು ಹಲವೆಡೆ ಕಣಿವೆಯ ಅಂಚಿನ ಎತ್ತರದಲ್ಲೇ ದಾಟುತ್ತವೆ. ಅಲ್ಲಿಂದ ಹೊರಟರೆ ಮೊದಲು ಇಳಿತ, ಆಮೇಲೆ ಏರು. ಹೋಗಲು ಎರಡೂವರೆ ಗಂಟೆ, ಬರಲು ಮೂರೂವರೆ ಗಂಟೆ ಎಂದು ಲೆಕ್ಕ ತಲೆಕೆಳಗಾಗುತ್ತದೆ. ‘ಅರ್ಧ ಹೊತ್ತು ಕಳೆದ ಮೇಲೆ ತಿರುಗಿದರಾಯಿತು’ ಎನ್ನುವವರು ಕಷ್ಟಕ್ಕೆ ಸಿಕ್ಕುವುದು ಇಂಥ ಕಡೆಗಳಲ್ಲಿ.

ಪ್ರಶ್ನೆ: ಗುರುತುಗಳನ್ನು ನೋಡಿಕೊಂಡು ಹೋದರೆ ಸಾಕಲ್ಲವೇ? ನಕಾಶೆ ಯಾಕೆ?

ಉತ್ತರ: ಗುರುತುಗಳ ಭಾಷೆ ಒಂದೊಂದು ಹಾದಿಯಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ಜಾರ್ಜಿಯಾದಿಂದ ಮೇಯ್ನ್‌ವರೆಗೆ ಸುಮಾರು 3,500 ಕಿ.ಮೀ. ಹಬ್ಬಿರುವ, 1937ರಲ್ಲಿ ಪೂರ್ಣಗೊಂಡ ಅಪಲೇಶಿಯನ್ ಹಾದಿಯಲ್ಲಿ ಮರಗಳ ಮೇಲೆ 2 ಇಂಚು ಅಗಲ, 6 ಇಂಚು ಉದ್ದದ ಬಿಳಿ ಪಟ್ಟಿಗಳಿರುತ್ತವೆ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ತಿರುವೋ ಕವಲೋ ಇದೆ, ಎಚ್ಚರವಾಗಿರಿ ಎಂದರ್ಥ. ನೀಲಿ ಪಟ್ಟಿ ಪಕ್ಕದ ಹಾದಿಯದು. ನೀರಿನ ತಾಣಕ್ಕೋ ತಂಗುದಾಣಕ್ಕೋ ನೋಟದ ಜಾಗಕ್ಕೋ ಹೋಗುತ್ತದೆ. ಫ್ರಾನ್ಸಿನ ದೂರದ ಹಾದಿಗಳಲ್ಲಿ ಮೇಲೆ ಬಿಳಿ, ಕೆಳಗೆ ಕೆಂಪು ಪಟ್ಟಿ. ಅದೇ ಬಣ್ಣಗಳು ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಬಿದ್ದಿದ್ದರೆ ನೀವು ತಪ್ಪು ದಾರಿ ಹಿಡಿದಿದ್ದೀರಿ.

ಐದು ನಿಮಿಷ ನಡೆದರೂ ಗುರುತು ಕಾಣದಿದ್ದರೆ ನಿಲ್ಲಿ. ಮೊದಲು ಹಿಂದಕ್ಕೆ ತಿರುಗಿ ನೋಡಿ. ಎದುರಿನಿಂದ ಬರುವವರಿಗೆಂದು ಬಳಿದ ಪಟ್ಟಿ ಅಲ್ಲಿ ಕಂಡೀತು. ಅದೂ ಇಲ್ಲವೆಂದರೆ ಕೊನೆಯ ಗುರುತಿನವರೆಗೆ ಬಂದ ದಾರಿಯಲ್ಲೇ ಹಿಂದೆ ಹೋಗಿ. ಅಡ್ಡಹಾಯಬೇಡಿ. ‘ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ’ ಎಂಬ ಮಾತನ್ನು ಬೆಟ್ಟದಲ್ಲಿ ನಂಬಲೇಬೇಡಿ. ಆ ಹಳ್ಳವೇ ಮುಂದೆ ಜಲಪಾತವಾಗಿ ಧುಮುಕುತ್ತಿರಬಹುದು.

ಹೋಗುವಾಗ ಪ್ರತಿ ಕವಲಿನಲ್ಲೂ ತಿರುಗಿ ನಿಂತು, ಬರುವಾಗ ಕಾಣುವ ನೋಟದ ಫೋಟೋ ತೆಗೆದುಕೊಳ್ಳಿ. ಹೋಗುವಾಗ ಒಂದೇ ಎನಿಸಿದ ದಾರಿ ಬರುವಾಗ ಎರಡಾಗಿ ಕಾಣುವುದು ಇಂಥ ಕಡೆಯೇ. ಇನ್ನು ನಕಾಶೆಯ ಮಾತು. ಮೊಬೈಲಿನಲ್ಲಿ ಅದನ್ನು ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡ್ ಹಾಕಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಸಿಗ್ನಲ್ ಇಲ್ಲದ ಕಡೆ ಅದನ್ನು ಹುಡುಕುತ್ತಲೇ ಫೋನಿನ ಚಾರ್ಜ್ ಖಾಲಿಯಾಗುತ್ತದೆ. ಚಳಿಗೂ ಬ್ಯಾಟರಿ ಕುಸಿಯುತ್ತದೆ, ಒಳಜೇಬಿನಲ್ಲಿಡಿ. ಫೋನ್ ಬಿದ್ದು ಒಡೆದರೆ ಕೈಯಲ್ಲಿ ಉಳಿಯುವುದು ಕಾಗದದ ನಕಾಶೆ ಮತ್ತು ದಿಕ್ಸೂಚಿ ಮಾತ್ರ.

ಪ್ರಶ್ನೆ: ಇಡೀ ದಿನಕ್ಕೆ ಎಷ್ಟು ನೀರು ಹೊರಬೇಕು? ತೊರೆಯ ನೀರು ಕುಡಿಯಬಹುದೇ?

ಉತ್ತರ: ಗಂಟೆಗೆ ಅರ್ಧ ಲೀಟರ್ ಎಂದು ಲೆಕ್ಕ ಹಿಡಿಯಿರಿ, ಬಿಸಿಲು ಜೋರಿದ್ದರೆ ಇನ್ನೂ ಹೆಚ್ಚು. ಆರು ಗಂಟೆಗೆ 3 ಲೀಟರ್, ಅಂದರೆ ಬೆನ್ನ ಮೇಲೆ 3 ಕಿಲೋ. ದಾರಿಯಲ್ಲಿ ನಂಬಿಕೆಯ ತೊರೆಯಿದ್ದರೆ ಒಂದೂವರೆ ಲೀಟರ್ ಹೊತ್ತು, ಉಳಿದದ್ದನ್ನು ಅಲ್ಲಿ ತುಂಬಿಕೊಳ್ಳಬಹುದು. ಶುದ್ಧೀಕರಿಸದೆ ಮಾತ್ರ ಕುಡಿಯಬೇಡಿ, ನೀರು ಎಷ್ಟೇ ತಿಳಿಯಾಗಿರಲಿ. 0.1 ಮೈಕ್ರಾನ್‌ನಷ್ಟು ಸಣ್ಣ ರಂಧ್ರಗಳ ಫಿಲ್ಟರ್ ಬ್ಯಾಕ್ಟೀರಿಯಾ, ಪರೋಪಜೀವಿಗಳನ್ನು ತಡೆಯುತ್ತದೆ, ವೈರಸ್‌ಗಳನ್ನಲ್ಲ. ಒಮ್ಮೆ ಬಳಸಿದ ಫಿಲ್ಟರ್ ರಾತ್ರಿ ಚಳಿಗೆ ಹೆಪ್ಪುಗಟ್ಟಿತೆಂದರೆ ಒಳಗಿನ ಎಳೆಗಳು ಬಿರಿಯುತ್ತವೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ನೀರೂ ಸಲೀಸಾಗಿ ಹರಿಯುತ್ತದೆ. ಅಂಥದ್ದನ್ನು ಎಸೆದುಬಿಡಿ. ಕುದಿಸುವುದಾದರೆ ನೀರು ಕುದಿಯತೊಡಗಿದ ಮೇಲೆ 1 ನಿಮಿಷ, 2,000 ಮೀಟರ್‌ಗಿಂತ ಮೇಲೆ 3 ನಿಮಿಷ.

ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ತೊಂದರೆಯೇ. ರಕ್ತದಲ್ಲಿನ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಜೊತೆಗೆ ಉಪ್ಪಿನಂಶದ ತಿನಿಸು ಇರಲಿ.

ಪ್ರಶ್ನೆ: ಮಧ್ಯಾಹ್ನ ಗುಡುಗು ಶುರುವಾದರೆ ಮರದಡಿ ನಿಲ್ಲಬಹುದೇ?

ಉತ್ತರ: ಒಂಟಿ ಮರದಡಿ ಬೇಡವೇ ಬೇಡ. ಬಿಸಿಲಿಗೆ ಕಾದ ಇಳಿಜಾರಿನ ಗಾಳಿ ಮೇಲೇರಿ ಮೋಡ ಕಟ್ಟುವುದರಿಂದ ಬೆಟ್ಟದಲ್ಲಿ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. 12:30ಕ್ಕೆ ತಿರುಗಿ ಎನ್ನಲು ಇದೂ ಒಂದು ಕಾರಣ. ಮಿಂಚು ಕಂಡಾಗಿನಿಂದ ಸೆಕೆಂಡ್ ಎಣಿಸಿ. ಸದ್ದು 3 ಸೆಕೆಂಡಿಗೆ ಸುಮಾರು 1 ಕಿ.ಮೀ. ಸಾಗುತ್ತದೆ, 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿ.ಮೀ. ಒಳಗಿದೆ. ನೆತ್ತಿಯಿಂದ, ಬೆಟ್ಟದ ಏಣಿನಿಂದ ಕೂಡಲೇ ಇಳಿಯಿರಿ. ಒಂದೇ ಎತ್ತರದ ಮರಗಳ ದಟ್ಟ ಕಾಡು ಬಯಲಿಗಿಂತ ವಾಸಿ. ನೆಲದ ಮೇಲೆ ಮಲಗಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಮುಂದುವರಿಯಿರಿ.

ಪ್ರಶ್ನೆ: ಒಬ್ಬಳೇ ಇರುವಾಗ ಕಾಲು ಉಳುಕಿ ನಡೆಯಲಾಗದಿದ್ದರೆ ಏನು ಗತಿ ಎಂಬುದೇ ಮನೆಯವರ ಚಿಂತೆ.

ಉತ್ತರ: ಅವರ ಚಿಂತೆಗೆ ಕಾರಣವಿದೆ, ಉತ್ತರದ ಅರ್ಧ ಭಾಗವೂ ಅವರ ಕೈಯಲ್ಲೇ ಇದೆ. ಹೊರಡುವ ಮುನ್ನ ಒಂದು ಚೀಟಿ ಬರೆದುಕೊಡಿ: ಎಲ್ಲಿಂದ ಎಲ್ಲಿಗೆ, ಯಾವ ಹಾದಿಯಲ್ಲಿ, ವಾಹನ ನಿಲ್ಲಿಸುವ ಜಾಗ, ಅಂಗಿ ಮತ್ತು ಚೀಲದ ಬಣ್ಣ, ತಿರುಗುವ ಗಂಟೆ, ಇಷ್ಟು ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಆ ಪ್ರದೇಶದ ರಕ್ಷಣಾ ತಂಡದ ಈ ನಂಬರಿಗೆ ಫೋನ್ ಮಾಡಿ ಎಂಬ ಸ್ಪಷ್ಟ ಸೂಚನೆ. ‘ಸಂಜೆ ಬರುತ್ತೇನೆ’ ಎಂದಷ್ಟೇ ಹೇಳಿದರೆ ಅವರು ರಾತ್ರಿ ಹತ್ತರವರೆಗೂ ಕಾಯುತ್ತಾ ಕೂರುತ್ತಾರೆ. ಚೀಟಿಯಲ್ಲಿ ಬರೆದ ದಾರಿ ಬಿಟ್ಟು ಬೇರೆ ದಾರಿ ಹಿಡಿಯಬೇಡಿ. ಹುಡುಕುವವರು ಬರುವುದು ಆ ದಾರಿಗೇ.

ಉಳಿದರ್ಧ ನಿಮ್ಮ ಚೀಲದಲ್ಲಿರಬೇಕು. ಬಿದ್ದಾಗ ಮೊದಲ ಶತ್ರು ಚಳಿ. ಪ್ರತಿ 1,000 ಮೀಟರ್ ಎತ್ತರಕ್ಕೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನಡಿಗೆ ನಿಂತೊಡನೆ ಮೈಯ ಕಾವೂ ಇಳಿಯುತ್ತದೆ. ಬೆವರಿಗೆ ನೆನೆದ ಹತ್ತಿಯ ಅಂಗಿ ಒಣಗುವುದಿಲ್ಲ, ಆದ್ದರಿಂದ ಉಣ್ಣೆಯದೋ ಪಾಲಿಯೆಸ್ಟರಿನದೋ ಹಾಕಿ. ಚೀಲದಲ್ಲಿ ಒಂದು ಒಣ ಬೆಚ್ಚನೆ ಅಂಗಿ, ಮಳೆ ಜಾಕೆಟ್, ಮೈ ತೂರಿಸಿ ಕೂರುವಷ್ಟು ದೊಡ್ಡ, ಎದ್ದು ಕಾಣುವ ಬಣ್ಣದ ಪ್ಲಾಸ್ಟಿಕ್ ಚೀಲ ಇರಲಿ. ಬೆನ್ನುಚೀಲವನ್ನೇ ಕೆಳಗೆ ಹಾಸಿಕೊಂಡು ಕೂತುಕೊಳ್ಳಿ. ನೆಲ ಮೈಯ ಶಾಖವನ್ನು ಹೀರುತ್ತದೆ. ಶೂ ಬಿಚ್ಚಬೇಡಿ, ಊದಿದ ಕಾಲು ಮತ್ತೆ ಒಳಗೆ ಹೋಗದು. ಕರೆ ಹೋಗದ ಕಡೆ ಮೆಸೇಜ್ ಹೋಗಬಹುದು, ಪ್ರಯತ್ನಿಸಿ.

ವಿಷಲ್ ಚೀಲದೊಳಗಲ್ಲ, ಹೆಗಲ ಪಟ್ಟಿಗೆ ಕಟ್ಟಿರಬೇಕು. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ. ಕತ್ತಲಾದರೆ ಹೆಡ್‌ಲ್ಯಾಂಪಿನಿಂದ ಹಾಗೆಯೇ ಆರು ಮಿನುಗು. ಗಮನಿಸಿದವರಿಂದ ಉತ್ತರವಾಗಿ ಮೂರು ಸದ್ದು ಅಥವಾ ಮಿನುಗು ಬರುತ್ತದೆ. ಉತ್ತರ ಅಮೆರಿಕದಲ್ಲಿ ಸಹಾಯದ ಕರೆಯೇ ಮೂರರದ್ದು. ಉತ್ತರ ಕೇಳಿಸಿತೆಂದು ಊದುವುದನ್ನು ನಿಲ್ಲಿಸಬೇಡಿ. ಆ ಸದ್ದಿನ ಜಾಡು ಹಿಡಿದೇ ಅವರು ನಿಮ್ಮ ಬಳಿಗೆ ಬರಬೇಕು.