ಓದುಗರ ಪ್ರಶ್ನೆ: ಗೊಣ್ಣೆಹುಳ ಯಾವ ಜಾತಿಯದು?

ಪ್ರಶ್ನೆ: ಕಬ್ಬಿಗೆ ಗೊಣ್ಣೆಹುಳ ಬಿದ್ದಿದೆ. ಒಬ್ಬರು ‘ಹೊಲೊಟ್ರಿಕಿಯ ಸೆರಾಟ’ ಅಂತಾರೆ, ಇನ್ನೊಬ್ಬರು ಅದೇ ಕುಲದ ಬೇರೆ ಜಾತಿ ಅಂತಾರೆ. ಡಿಎನ್‌ಎ ಪರೀಕ್ಷೆಗೆ ಹುಳ ಹೆಂಗ ಕಳಿಸಬೇಕ್ರಿ?
— ಕಬ್ಬು ಬೆಳೆಗಾರ, ರಾಯಬಾಗ

ಉತ್ತರ: ಈಗಿನ ಬೆಳೆ ಉಳಿಸಿಕೊಳ್ಳಲು ವರದಿಗೆ ಕಾಯಬೇಡಿ, ಹತೋಟಿ ಶುರುಮಾಡಿ. ಗೊಣ್ಣೆಹುಳ ಎಂದರೆ ದುಂಬಿಯ ಮರಿ. ಆ ಮರಿಯ ಬಾಲದ ತುದಿಯ ಕೆಳಗಿರುವ ಮುಳ್ಳುಗೂದಲ ಸಾಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಕುಲ ತಿಳಿಯುತ್ತದೆ. ಒಂದೇ ಕುಲದ ಹತ್ತಿರದ ಜಾತಿಗಳಲ್ಲಿ ಅದೂ ಕೈಕೊಡುತ್ತದೆ. ಡಿಎನ್‌ಎ ಬೇಕಾಗುವುದು ಅಲ್ಲೇ.

ಫಾರ್ಮಲಿನ್ ಬೇಡ, ಅದು ಡಿಎನ್‌ಎ ಕೆಡಿಸುತ್ತದೆ. 95 ಶೇಕಡಾಕ್ಕಿಂತ ಗಟ್ಟಿಯಾದ ಆಲ್ಕೋಹಾಲ್‌ನಲ್ಲಿ, ಹುಳದ ಹತ್ತು ಪಟ್ಟು ದ್ರವ ಇರುವಂತೆ ಹಾಕಿ. ದಪ್ಪ ಮರಿಯ ಮೈತುಂಬ ನೀರು, ಆಲ್ಕೋಹಾಲ್ ತೆಳುವಾಗುತ್ತದೆ. ಹಾಗಾಗಿ ಮರುದಿನ ಒಮ್ಮೆ ಬದಲಾಯಿಸಿ. ಊರು, ತಾರೀಖು, ಬೆಳೆಯನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಶೀಶೆಯೊಳಗೇ ಇರಲಿ. ಪೆನ್ನಿನ ಮಸಿ ಕರಗಿಹೋಗುತ್ತದೆ.

ಮರಿ ಮಾತ್ರ ಕಳಿಸಿದರೆ ಅರ್ಧ ಕೆಲಸ. ಹೆಸರು ಗೊತ್ತಿರುವ ದುಂಬಿಯ ಡಿಎನ್‌ಎ ಜತೆ ಹೋಲಿಸಿದಾಗಲೇ ಮರಿಗೆ ಹೆಸರು. ದುಂಬಿಯ ಹೆಸರು ಖಾತ್ರಿಯಾಗುವುದು ಗಂಡಿನ ಜನನಾಂಗದ ಆಕಾರದಿಂದ. ಮುಂಗಾರಿಗೆ ಮೊದಲಿನ ದೊಡ್ಡ ಮಳೆಯಾದ ಸಂಜೆ, ಕತ್ತಲಾಗುತ್ತಿದ್ದಂತೆ ಬೇವು, ಬಾರೆ ಗಿಡ ಅಲುಗಿಸಿ ಕೆಳಗೆ ಬಿದ್ದವನ್ನು ಹಿಡಿದಿಡಿ.

ಪ್ರಶ್ನೆ: ಜಾತಿ ಗುರುತಿಸಲು ಬಳಸುವ ಮೈಟೊಕಾಂಡ್ರಿಯದ ಸಿಒಐ ಜೀನನ್ನು ಗೊಣ್ಣೆಹುಳದಿಂದ ತೆಗೆದು ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿ ಹೆಚ್ಚಿಸುವ ವಿಧಾನ) ಮಾಡಿದೆ. ಬ್ಯಾಂಡ್ ಚೆನ್ನಾಗಿದೆ, ಸೀಕ್ವೆನ್ಸ್‌ನಲ್ಲಿ (ಡಿಎನ್‌ಎ ಅಕ್ಷರಗಳ ಓದು) ಮಾತ್ರ ಒಂದೇ ಜಾಗದಲ್ಲಿ ಎರಡೆರಡು ಪೀಕ್. ಏಕೆ?
— ಎಂಎಸ್ಸಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಹೊಟ್ಟೆಯ ಭಾಗ ಅರೆದಿದ್ದರೆ ಅಲ್ಲಿಂದ ಹುಡುಕಿ. ಅದರಲ್ಲಿ ಮಣ್ಣು, ಬೇರು, ಬ್ಯಾಕ್ಟೀರಿಯ ಎಲ್ಲವೂ ಇವೆ. ಒಂದು ಕಾಲು ಸಾಕು, ಉಳಿದ ಹುಳ ಸಾಕ್ಷಿಯಾಗಿ ಉಳಿಯುತ್ತದೆ. ಕಾಲಿನಿಂದ ತೆಗೆದರೂ ಹಾಗೇ ಬಂದರೆ ಮೈಟೊಕಾಂಡ್ರಿಯದ ಜೀನಿನ ಹಳೆಯ ನಕಲೊಂದು ಕೋಶಕೇಂದ್ರದಲ್ಲಿ ಸೇರಿಕೊಂಡಿದ್ದು, ಅದೂ ಜತೆಗೆ ಬೆಳೆದಿರಬಹುದು. 1994ರ ಎಲ್‌ಸಿಒ1490, ಎಚ್‌ಸಿಒ2198 ಪ್ರೈಮರ್‌ಗಳು (ಪ್ರತಿ ಶುರುವಾಗಲು ಜೀನಿಗೆ ಅಂಟುವ ಚಿಕ್ಕ ಡಿಎನ್‌ಎ ತುಣುಕುಗಳು) ಬಹಳ ಉದಾರಿಗಳು, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತವೆ. ಅಂಟಿಸುವ ತಾಪಮಾನವನ್ನು 45ರಿಂದ 50 ಡಿಗ್ರಿಗೆ ಏರಿಸಿ ನೋಡಿ. ಸುಮಾರು 658 ಅಕ್ಷರಗಳ ಸೀಕ್ವೆನ್ಸನ್ನು ಅಕಶೇರುಕಗಳ ಮೈಟೊಕಾಂಡ್ರಿಯದ ಕೋಡ್‌ನಲ್ಲಿ ಪ್ರೋಟೀನಾಗಿ ಓದಿ. ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಗುರುತು) ಬಂದರೆ ಅದು ಬಹುಮಟ್ಟಿಗೆ ನಕಲೇ. ಬರಲಿಲ್ಲವೆಂದು ಅಸಲಿಯೇ ಎಂದುಕೊಳ್ಳಬೇಡಿ, ಹೊಸ ನಕಲಿನಲ್ಲಿ ಸ್ಟಾಪ್ ಇರದೆಯೂ ಇರಬಹುದು.

ಇನ್ನೊಂದು ಮಾತು: ‘2 ಶೇಕಡಾ ವ್ಯತ್ಯಾಸವಿದ್ದರೆ ಬೇರೆ ಜಾತಿ’ ಎಂಬುದು ಅಂದಾಜು, ಕಾನೂನಲ್ಲ. ಸಿಒಐ ತಾಯಿಯಿಂದ ಮಾತ್ರ ಬರುತ್ತದೆ. ಮಿಶ್ರತಳಿಯಾದರೆ ಅಥವಾ ಕೀಟದ ಕೋಶದೊಳಗೆ ಬದುಕಿ ತಾಯಿಯಿಂದ ಮರಿಗೆ ದಾಟುವ ವೊಲ್ಬಾಕಿಯ ಬ್ಯಾಕ್ಟೀರಿಯ ಸೇರಿಕೊಂಡರೆ ಎರಡು ಜಾತಿಗೆ ಒಂದೇ ಗುರುತು ಸಿಗಬಹುದು. ಐಟಿಎಸ್2 ಅಥವಾ 28ಎಸ್‌ನಂಥ, ಕೋಶಕೇಂದ್ರದ ಡಿಎನ್‌ಎಯ ಒಂದು ಗುರುತಿನ ಭಾಗವನ್ನೂ ಓದಿಸಿ. ಎರಡೂ ಒಂದೇ ಗುಂಪು ತೋರಿಸಿ, ಗಂಡಿನ ಜನನಾಂಗವೂ ಹೊಂದಿದ ಮೇಲೆ ಹೆಸರು ಬರೆಯಿರಿ.